ಎರಡು ಹುಂಡಿ, ಒಂದು ಗದ್ದೆ: ಎರಡು ದೇಶದ ಜಂಟಿ ಕೃಷಿ ಸಂಶೋಧನೆಗೆ ದುಡ್ಡು ಹೊಂದಿಸೋ ದಾರಿ

ಮೊದಲೇ ಹೇಳ್ಬುಡ್ತೀನಿ, ನಾನು ಸೈಂಟಿಸ್ಟ್ ಅಲ್ಲ, ಸೈಂಟಿಸ್ಟ್‌ಗಳ ಫೈಲ್ ಹೊತ್ತವನು. ಮಂಡ್ಯ ಮೈಸೂರು ಮಧ್ಯೆ ಓಡಾಡ್ಕೊಂಡು ಪ್ರಾಜೆಕ್ಟ್ ಬಜೆಟ್ ಟೈಪ್ ಮಾಡೋದು, ಯುಸಿ (ದುಡ್ಡು ಬಳಸಿದ್ದಕ್ಕೆ ಸರ್ಟಿಫಿಕೇಟು) ಕಳಿಸೋದು, "ಸಾರ್ ಎರಡನೇ ಕಂತು ಯಾವಾಗ ಬರುತ್ತೆ" ಅಂತ ಡೆಲ್ಲಿಗೆ ಫೋನ್ ಹಚ್ಚೋದು, ಇದ್ರಲ್ಲೇ ತಲೆಕೂದಲು ಬೆಳ್ಳಗಾಯ್ತು. ಮೊನ್ನೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್ ಹತ್ರ ಟೀ ಕುಡೀತಾ ನಿಂತಿದ್ದಾಗ ಹೊಸದಾಗಿ ಕೆಲಸಕ್ಕೆ ಸೇರಿರೋ ಹುಡುಗಿ ಒಬ್ಳು, ಪಿಎಚ್‌ಡಿ ಮುಗಿಸಿರೋಳು, "ಅಣ್ಣ, ಹೊರದೇಶದೋರ ಜೊತೆ ಸೇರಿ ರಾಗಿ ಮೇಲೆ ಒಂದು ಪ್ರಾಜೆಕ್ಟ್ ಹಾಕ್ಬೇಕು ಅಂತಿದೀನಿ, ಅವ್ರು ಡಾಲರ್‌ನಲ್ಲಿ ಕಳಿಸ್ತಾರಂತಲ್ಲ?" ಅಂದ್ಳು.

"ಸಾಮಾನ್ಯವಾಗಿ ಕಳಿಸಲ್ಲ ಕಣಮ್ಮ" ಅಂದೆ. ಅವಳ ಮುಖ ಸಪ್ಪಗಾಯ್ತು. ಆಮೇಲೆ ಅರ್ಧ ಗಂಟೆ ನಿಂತಲ್ಲೇ ಹೇಳಿದ್ದನ್ನ ಇಲ್ಲಿ ಬಿಡಿಸಿ ಬರೀತಿದೀನಿ, ಅವಳಂಥೋರು ಇನ್ನೂ ತುಂಬ ಜನ ಇದಾರೆ ಅಂತ ಗೊತ್ತು.

ಅವಳು ರಾಗಿ ಅಂದಿದ್ದಕ್ಕೆ ಒಂದು ಮಾತು. ಎರಡು ಕಡೆ ಸೇರಿ ಕೃಷಿ ಸಂಶೋಧನೆ ಮಾಡೋದು ನಮ್ಮೂರಿಗೆ ಹೊಸ್ದೇನಲ್ಲ. ಇಂಡಾಫ್ ರಾಗಿ ಅಂತ ನಮ್ಮ ಅಪ್ಪಂದಿರು ಬಿತ್ತಿದ್ರಲ್ಲ, ಆ ಹೆಸರಲ್ಲೇ ಇದೆ, ಇಂಡಿಯಾದ್ದು ಒಂದು ಕಡೆ ಆಫ್ರಿಕಾದ್ದು ಇನ್ನೊಂದು ಕಡೆ. ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ಲಕ್ಷ್ಮಣಯ್ಯನವ್ರು ಇದೇ ವಿ.ಸಿ. ಫಾರ್ಮಲ್ಲಿ ಕೂತು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕ್ರಾಸ್ ಮಾಡಿ ತೆಗೆದ ತಳಿಗಳು ಅವು. ಇವತ್ತು ಅದೇ ಕೆಲಸ ಶುರು ಮಾಡ್ಬೇಕು ಅಂದ್ರೆ ಎಷ್ಟು ಸೈನ್ ಬೇಕಾಗುತ್ತೆ ಅಂತ ಮುಂದೆ ಹೇಳ್ತೀನಿ, ಹೆದರ್ಬೇಡಿ.

ಹೆಜ್ಜೆ 1: ಹುಂಡಿ ಯಾವ ಥರದ್ದು ಅಂತ ಮೊದಲು ನೋಡಿ

ಇದೊಂದು ಅರ್ಥ ಆದ್ರೆ ಅರ್ಧ ಕೆಲಸ ಆದಂಗೆ. "ಜಂಟಿ ಪ್ರಾಜೆಕ್ಟ್" ಅಂತ ಹೆಸರು ಒಂದೇ ಇರುತ್ತೆ, ಒಳಗಡೆ ದುಡ್ಡು ಓಡಾಡೋ ದಾರಿ ಮೂರು ಥರ.

ಮೊದಲ್ನೇದು, ಅವ್ರ ದುಡ್ಡು ಅವ್ರಿಗೆ ನಮ್ಮ ದುಡ್ಡು ನಮ್ಗೆ. ನಮ್ಮ ಕಡೆ ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆ ಡಿಎಸ್‌ಟಿನೋ ಜೈವಿಕ ತಂತ್ರಜ್ಞಾನ ಇಲಾಖೆ ಡಿಬಿಟಿನೋ ಕೊಡುತ್ತೆ, ಆ ಕಡೆ ಅವ್ರ ಸರ್ಕಾರದ ಸಂಸ್ಥೆ ಅವ್ರ ಸೈಂಟಿಸ್ಟ್‌ಗೆ ಕೊಡುತ್ತೆ. ಒಂದು ರೂಪಾಯಿನೂ ಗಡಿ ದಾಟಲ್ಲ. ಆಸ್ಟ್ರೇಲಿಯಾ ಜೊತೆ 2006ರಲ್ಲಿ ಶುರುವಾದ ಸ್ಟ್ರಾಟೆಜಿಕ್ ರೀಸರ್ಚ್ ಫಂಡ್ ಈ ಜಾತಿದು. ಜಪಾನ್ ಜೊತೆ ಡಿಎಸ್‌ಟಿ, ಅವ್ರ ವಿಜ್ಞಾನ ಸಂಸ್ಥೆ ಜೆಎಸ್‌ಪಿಎಸ್ ಕರೆಯೋ ಕಾಲ್ (ಅರ್ಜಿ ಆಹ್ವಾನ) ಕೂಡ ಹಿಂಗೇನೇ, ಅದ್ರಲ್ಲಂತೂ ಮುಖ್ಯವಾಗಿ ಹೋಗಿ ಬರೋ ಖರ್ಚೇ ಇರೋದು, ಲ್ಯಾಬ್ ಕಟ್ಟಕ್ಕೆ ಅಂತ ಹೋದ್ರೆ ನಿರಾಸೆ ಗ್ಯಾರಂಟಿ. ನಮ್ಮ ಕಡೆ ಬರೋ ಜಂಟಿ ಪ್ರಾಜೆಕ್ಟ್‌ಗಳಲ್ಲಿ ಮುಕ್ಕಾಲು ಪಾಲು ಈ ಥರದ್ದೇ.

ಎರಡನೇದು, ಎರಡೂ ಸರ್ಕಾರ ಸಮಸಮ ಹಾಕಿ ಒಂದೇ ಹುಂಡಿ ಮಾಡೋದು. ಇದಕ್ಕೆ ದೊಡ್ಡ ಉದಾಹರಣೆ ನಮ್ದಲ್ಲ, ಅಮೆರಿಕ ಇಸ್ರೇಲ್ ಸೇರಿ 1977ರಲ್ಲಿ ಒಪ್ಪಂದ ಮಾಡ್ಕೊಂಡ ಬಾರ್ಡ್ ಅನ್ನೋ ಫಂಡು. ಎರಡೂ ಕಡೆಯೋರು ಇಡುಗಂಟು ಇಟ್ಟು ಅದರ ಬಡ್ಡಿಯಲ್ಲಿ ಕೃಷಿ ಸಂಶೋಧನೆ ನಡೆಸೋದು, ದೇವಸ್ಥಾನಕ್ಕೆ ದತ್ತಿ ಬಿಟ್ಟಂಗೆ. ವರ್ಷವರ್ಷ ಬಜೆಟ್‌ಗೆ ಕೈಚಾಚೋ ಗೋಳು ಕಮ್ಮಿ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದ್ರೆ ಫ್ರಾನ್ಸ್ ಜೊತೆ 1987ರಲ್ಲಿ ಆದ ಸೆಫಿಪ್ರಾ, ಇಸ್ರೇಲ್ ಜೊತೆ 2017ರಲ್ಲಿ ಘೋಷಣೆ ಆದ ಐ4ಎಫ್ ಅನ್ನೋ ಕೈಗಾರಿಕಾ ಸಂಶೋಧನಾ ಫಂಡು, ಅದಕ್ಕೆ ತಲಾ 2 ಕೋಟಿ ಡಾಲರ್ ಅಂತ ಒಟ್ಟು 4 ಕೋಟಿ ಡಾಲರ್ ಐದು ವರ್ಷಕ್ಕೆ. ಆದ್ರೆ ಐ4ಎಫ್‌ಗೆ ಕಂಪನಿ ಬೇಕು, ಬರೀ ಕಾಲೇಜು ಸಾಕಾಗಲ್ಲ. ಜರ್ಮನಿ ಜೊತೆ ಇರೋ ಐಜಿಎಸ್‌ಟಿಸಿ ಅನ್ನೋ ವಿಜ್ಞಾನ ತಂತ್ರಜ್ಞಾನ ಕೇಂದ್ರದಲ್ಲಿ "2+2" ಅಂತಾರೆ, ಆ ಕಡೆ ಒಂದು ಸಂಶೋಧನಾ ಸಂಸ್ಥೆ ಒಂದು ಇಂಡಸ್ಟ್ರಿ, ಈ ಕಡೆನೂ ಹಂಗೇ. ಡ್ರಿಪ್ ಕಂಪನಿನೋ ಬೀಜದ ಕಂಪನಿನೋ ಗೊತ್ತಿದ್ರೆ ಮಾತ್ರ ಆ ಕಡೆ ನೋಡಿ.

ಮೂರನೇದು, ಒಂದು ದೇಶ ಕೊಡೋದು ಇನ್ನೊಂದು ದೇಶ ಕೆಲಸ ಮಾಡೋದು. ಆಸ್ಟ್ರೇಲಿಯಾದ ಏಷಿಯಾರ್ ಅನ್ನೋ ಕೃಷಿ ಸಂಶೋಧನಾ ಕೇಂದ್ರ 1982ರಿಂದ ಇದನ್ನ ಮಾಡ್ತಿದೆ. ನಮ್ಮ ಮೈಸೂರಲ್ಲೇ ಕಣ್ಣಿಗೆ ಕಾಣೋ ಉದಾಹರಣೆ ಬೇಕಂದ್ರೆ ರೇಷ್ಮೆ. 1991ರಲ್ಲಿ ಶುರುವಾದ ಜಪಾನಿನ ನೆರವು ಸಂಸ್ಥೆ ಜೈಕಾದ ಬೈವೋಲ್ಟೀನ್ (ವರ್ಷಕ್ಕೆ ಎರಡು ತಲೆಮಾರಿನ ರೇಷ್ಮೆಹುಳು) ಪ್ರಾಜೆಕ್ಟ್, ಇಲ್ಲಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯೋರು ಜಪಾನಿನ ಎಕ್ಸ್‌ಪರ್ಟ್‌ಗಳ ಜೊತೆ ಕೂತು ಕೆಲಸ ಮಾಡಿ ಸಿಎಸ್ಆರ್2 × ಸಿಎಸ್ಆರ್4 ಅನ್ನೋ ಬಿಳಿಗೂಡಿನ ಹೈಬ್ರಿಡ್ ತಂದ್ರು. ರಾಮನಗರ ಮಾರ್ಕೆಟ್‌ಗೆ ಹೋಗಿ ಬಿಳಿ ಗೂಡು ನೋಡಿದ್ರೆ ಅದರ ಹಿಂದೆ ಒಂದು ಎರಡು ದೇಶದ ಫೈಲ್ ಇದೆ ಅಂತ ನೆನಪು ಮಾಡ್ಕೊಳ್ಳಿ.

ಇನ್ನು ಹಳೇ ಕಾಲದ್ದು ಒಂದಿದೆ, 1908ರಲ್ಲಿ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವ್ರನ್ನ ಮೈಸೂರು ಸಂಸ್ಥಾನವೇ ಸಂಬಳ ಕೊಟ್ಟು ಕರೆಸ್ಕೊಂಡಿದ್ದು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು, ಮಂಡ್ಯ ಸಕ್ಕರೆ ಕಾರ್ಖಾನೆ, ಎಲ್ಲದ್ರಲ್ಲೂ ಅವ್ರ ಕೈ ಇದೆ. ಒಂದೇ ಹುಂಡಿ, ಒಂದೇ ಸೈನು. ಆ ಸುಖ ಈಗಿಲ್ಲ.

ಒಂದು ಗೊಂದಲ ಮಾತ್ರ ಬಿಡಿಸ್ಬೇಕು. ಕೋಲಾರದ ಮಾವು, ಬಾಗಲಕೋಟೆ ದಾಳಿಂಬೆ, ಧಾರವಾಡದ ತರಕಾರಿ, ಇಲ್ಲೆಲ್ಲ ಇಸ್ರೇಲ್ ಸಹಯೋಗದ ಸೆಂಟರ್ ಆಫ್ ಎಕ್ಸಲೆನ್ಸ್ ಇದಾವೆ. ಅವು ತಂತ್ರಜ್ಞಾನ ತೋರ್ಸಿ ರೈತರಿಗೆ ಮುಟ್ಸೋ ಕೇಂದ್ರಗಳು, ಸಂಶೋಧನೆ ಗ್ರಾಂಟ್ ಅಲ್ಲ. ಅಲ್ಲಿಗೆ ಹೋಗಿ ಅರ್ಜಿ ಫಾರಂ ಕೇಳ್ಬೇಡಿ.

ಹೆಜ್ಜೆ 2: ಕಾಲ್ ಬರೋ ಮೊದಲೇ ಪಾರ್ಟ್ನರ್ ಹುಡುಕಿ

ಕಾಲ್ ಬಂದ ಮೇಲೆ ಪಾರ್ಟ್ನರ್ ಹುಡುಕೋದು ಅಂದ್ರೆ ಛತ್ರ ಬುಕ್ ಮಾಡಿ ಆಮೇಲೆ ಗಂಡು ನೋಡಿದಂಗೆ. ಸಾಮಾನ್ಯವಾಗಿ ಕಾಲ್ ತೆರೆದು ಮುಚ್ಚೋಕೆ ಒಂದೂವರೆ ಎರಡು ತಿಂಗಳು ಸಿಕ್ಕಿದ್ರೆ ಪುಣ್ಯ, ಆ ಕಡೆಯೋರ ಯೂನಿವರ್ಸಿಟಿಯಲ್ಲಿ ಬಜೆಟ್ ಒಪ್ಗೆ ಆಗೋಕೇ ಮೂರ್ನಾಲ್ಕು ವಾರ ಬೇಕು.

ಹುಡುಕೋದು ಹೆಂಗೆ? ನಿಮ್ಮ ವಿಷಯದಲ್ಲಿ ನೀವು ಓದಿ ಮೆಚ್ಚಿದ ಪೇಪರ್ ತೆಗೀರಿ, ಅದರ ಲೇಖಕರಲ್ಲಿ ಮೊದಲ ಹೆಸರೋರಿಗೂ ಕೊನೇ ಹೆಸರೋರಿಗೂ ಮೇಲ್ ಹಾಕಿ. ಕೊನೇ ಹೆಸರೋರಿಗೆ ದುಡ್ಡು ತರೋ ತಾಕತ್ತಿರುತ್ತೆ, ಮೊದಲ ಹೆಸರೋರಿಗೆ ಉತ್ತರ ಬರೆಯೋ ಟೈಮ್ ಇರುತ್ತೆ. ಮೇಲ್‌ನಲ್ಲಿ "ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಮಚ್ ಇಂಟರೆಸ್ಟೆಡ್" ಅಂತ ಪುಟಗಟ್ಟಲೆ ಬೇಡ. ನಮ್ಮತ್ರ ಏನಿದೆ ಅಂತ ಐದು ಸಾಲಲ್ಲಿ ಹೇಳಿ. ನಮ್ಮತ್ರ ಇರೋದು ಕಮ್ಮಿ ಅಲ್ಲ: ನಾಲೆ ನೀರಿನ ಗದ್ದೆ, ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆ ಮಳೆ ನಂಬಿದ ರಾಗಿ ಹೊಲ, ಮೈಸೂರಿಗೆ ಹೋದ್ರೆ 1950ರಿಂದ ಇರೋ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಬೆಳೆಯೋದರಿಂದ ಹಿಡಿದು ತಿನ್ನೋ ತನಕ ಒಂದು ಬಸ್ ದೂರದಲ್ಲಿದೆ ಅಂತ ಬರೀರಿ, ಅವ್ರು ಎದ್ದು ಕೂರ್ತಾರೆ.

ಮೊದಲ ಸಲಕ್ಕೇ ದೊಡ್ಡ ಪ್ರಾಜೆಕ್ಟ್ ಬೇಡ. ಹೋಗಿ ಬರೋ ಗ್ರಾಂಟು, ವರ್ಕ್‌ಶಾಪ್ ಗ್ರಾಂಟು ಇರ್ತವೆ, 2000ದಲ್ಲಿ ಆದ ಇಂಡೋ ಯುಎಸ್ ಫೋರಂ ಥರದೋರು ಅಂಥವನ್ನ ಕೊಡ್ತಾ ಬಂದಿದಾರೆ. ಒಂದು ಸಲ ಅವ್ರು ಇಲ್ಲಿಗೆ ಬಂದು ನಿಮ್ಮ ಗದ್ದೆ ಬದುವಿನ ಮೇಲೆ ಜಾರಿ ಬಿದ್ದು ಎದ್ದು ನಕ್ಕಿದ್ರೆ ಆಮೇಲೆ ಪ್ರಾಜೆಕ್ಟ್ ಬರೆಯೋದು ಸಲೀಸು.

ಹೆಜ್ಜೆ 3: ಪ್ರಶ್ನೆ ಎರಡೂ ಊರಿಗೆ ಬೇಕಾಗಿರ್ಬೇಕು

ಎರಡು ಹುಂಡಿ ಇರೋ ಕಡೆ ಎರಡು ಕಮಿಟಿ ಇರುತ್ತೆ. ನಮ್ಮ ಕಮಿಟಿ "ಇದ್ರಿಂದ ನಮ್ಮ ರೈತನಿಗೆ ಏನು" ಅನ್ನುತ್ತೆ, ಅವ್ರದ್ದು "ನಮ್ಮ ತೆರಿಗೆ ದುಡ್ಡು ಇಂಡಿಯಾದ ಗದ್ದೆಗೆ ಯಾಕೆ" ಅನ್ನುತ್ತೆ. ಎರಡಕ್ಕೂ ಒಂದೇ ಪ್ರಪೋಸಲ್ ಉತ್ತರ ಕೊಡ್ಬೇಕು.

ಆ ಹುಡುಗಿ ಉದಾಹರಣೆನೇ ತಗೊಳ್ಳಿ. ರಾಗಿಗೆ ಬೆಂಕಿ ರೋಗ ಬರುತ್ತೆ, ತೆನೆ ಕತ್ತು ಒಣಗಿ ಕಾಳು ಜೊಳ್ಳಾಗುತ್ತೆ. ಇದೇ ರೋಗ ಕೀನ್ಯಾ, ಉಗಾಂಡ, ಇಥಿಯೋಪಿಯಾ ಹೊಲದಲ್ಲೂ ಇದೆ, ರಾಗಿಯ ತವರೇ ಆ ಕಡೆ ಎತ್ತರದ ಸೀಮೆ. ಹಂಗಾಗಿ ನಿರೋಧಕ ಗುಣ ಹುಡುಕೋದು ಇಬ್ರಿಗೂ ಬೇಕಾದ ಕೆಲಸ, ಇದು ಗಟ್ಟಿ ಪ್ರಶ್ನೆ. ಅದೇ ಅವಳು ಜರ್ಮನಿಯೋರ ಜೊತೆ ಸೇರಿ "ಮಂಡ್ಯ ಜಿಲ್ಲೆಯ ರಾಗಿ ಬೆಳೆಗಾರರ ಸ್ಥಿತಿಗತಿ" ಅಂತ ಹಾಕಿದ್ರೆ ಜರ್ಮನಿ ಕಮಿಟಿ ಯಾಕೆ ದುಡ್ಡು ಬಿಚ್ಚುತ್ತೆ? ನಾಲೆ ಕೊನೇ ಭಾಗದ ಚೌಳು ಮಣ್ಣಿಗೆ ಆಸ್ಟ್ರೇಲಿಯಾ ಒಳ್ಳೇ ಜೋಡಿ, ಅವ್ರಿಗೂ ಉಪ್ಪಿನ ಗೋಳು ಹೊಟ್ಟೆತುಂಬ ಇದೆ. ಕಮ್ಮಿ ನೀರಿಗೆ ಇಸ್ರೇಲ್. ಬೆಳೆಗೆ ತಕ್ಕ ದೇಶ ನೋಡಿ, ದೇಶಕ್ಕೆ ತಕ್ಕ ಬೆಳೆ ಹುಡುಕ್ಬೇಡಿ. ಬಹಳ ಜನ ಯೂರೋಪ್ ನೋಡೋ ಆಸೆಗೆ ಉಲ್ಟಾ ಮಾಡ್ತಾರೆ, ಕಮಿಟಿಯೋರಿಗೆ ಮೊದಲನೇ ಪುಟದಲ್ಲೇ ವಾಸನೆ ಹೊಡೆಯುತ್ತೆ.

ಹೆಜ್ಜೆ 4: ಮೂರು ಕ್ಯಾಲೆಂಡರ್ ಒಂದೇ ಹಾಳೆ ಮೇಲೆ ಬರೀರಿ

ಇದನ್ನ ಯಾವ ಗೈಡ್‌ಲೈನ್ಸಲ್ಲೂ ಬರ್ದಿರಲ್ಲ, ನಾನು ಒದೆ ತಿಂದು ಕಲ್ತಿದ್ದು.

ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯ ಭತ್ತದ ಪ್ರಾಜೆಕ್ಟ್ ನನ್ನ ಟೇಬಲ್ ಮೇಲಿತ್ತು, ಹೊರದೇಶದ ಪಾರ್ಟ್ನರ್ ಜೊತೆ. ಆ ಕಡೆ ದುಡ್ಡು ಬಂದಾಯ್ತು, ಅವ್ರ ಹುಡುಗ ವೀಸಾ ಮಾಡಿಸ್ಕೊಂಡು ಬಂದೂ ಆಯ್ತು. ನಮ್ಮ ಕಡೆ ಸ್ಯಾಂಕ್ಷನ್ ಲೆಟರ್ ಬಂದಿದೆ, ದುಡ್ಡು ಬಂದಿಲ್ಲ. ನಾಲೆಗೆ ನೀರು ಬಿಟ್ರು. ಒಟ್ಲು (ಸಸಿಮಡಿ) ಹಾಕಿ ಇಪ್ಪತ್ತೈದು ದಿನ ಆಯ್ತು, ಪೈರು ಕೀಳೋಕೆ ರೆಡಿ, ಆಳಿಗೆ ಕೊಡೋಕೆ ಹೆಡ್ಡಲ್ಲಿ (ಬಜೆಟ್ ಬಾಬ್ತಿನಲ್ಲಿ) ಕಾಸಿಲ್ಲ. ನಾಟಿ ಹೆಂಗಸರು ಬದುವಿನ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದಾರೆ, ಮೇಸ್ತ್ರಿ ನನ್ನ ಮುಖ ನೋಡ್ತಾನೆ, ನಾನು ಫೋನ್ ನೋಡ್ತೀನಿ, ಆ ವಿದೇಶದ ಹುಡುಗ ನಮ್ಮಿಬ್ರನ್ನೂ ನೋಡ್ತಾನೆ. ಕೊನೆಗೆ ಸೈಂಟಿಸ್ಟ್ ಮೇಡಂ ತಮ್ಮ ಕೈಯಿಂದ ಕೊಟ್ರು, ಅದನ್ನ ವಾಪಸ್ ಪಡೆಯೋಕೆ ಅವ್ರಿಗೆ ಒಂದೂವರೆ ವರ್ಷ ಹಿಡೀತು. ದುಡ್ಡು ಅಕೌಂಟ್‌ಗೆ ಬಂದಿದ್ದು ಕುಯ್ಲಿನ ಟೈಮಿಗೆ, ಮಾರ್ಚ್ 31ರೊಳಗೆ ಖರ್ಚು ಮಾಡಿ ಅಂತ ಒಂದು ಪತ್ರದ ಜೊತೆ.

ಹಂಗಾಗಿ ಒಂದು ಹಾಳೆ ತಗೊಳ್ಳಿ, ಹನ್ನೆರಡು ಮನೆ ಗೀಚಿ. ಮೊದಲ ಸಾಲಲ್ಲಿ ಬೆಳೆ: ನಾಲೆ ಕೆಳಗಿನ ಮುಂಗಾರು ಭತ್ತಕ್ಕೆ ನೀರು ಸಾಮಾನ್ಯವಾಗಿ ಜುಲೈ ಆಗಸ್ಟ್ ಸುಮಾರಿಗೆ, ಮಳೆ ಕೈಕೊಟ್ಟ ವರ್ಷ ಬಿಟ್ಟು ಬಿಟ್ಟು ನೀರು ಕೊಡೋ ಕಟ್ಟು ಪದ್ಧತಿ, ಅದೂ ಇಲ್ಲದ ವರ್ಷ ಬೆಳೆ ಹಾಕ್ಬೇಡಿ ಅಂತ ಪ್ರಕಟಣೆ. ಎರಡನೇ ಸಾಲಲ್ಲಿ ನಮ್ಮ ಹಣಕಾಸು ವರ್ಷ, ಏಪ್ರಿಲ್‌ನಿಂದ ಮಾರ್ಚ್. ಮೂರನೇ ಸಾಲಲ್ಲಿ ಅವ್ರದ್ದು. ಆಸ್ಟ್ರೇಲಿಯಾದ್ದು ಜುಲೈಯಿಂದ ಜೂನ್, ಅಮೆರಿಕ ಕೇಂದ್ರ ಸರ್ಕಾರದ್ದು ಅಕ್ಟೋಬರ್‌ನಿಂದ ಸೆಪ್ಟೆಂಬರ್, ಇಸ್ರೇಲ್ದು ಜನವರಿಯಿಂದ ಡಿಸೆಂಬರ್, ಜಪಾನಿಂದು ಪುಣ್ಯಕ್ಕೆ ನಮ್ಮಂಗೇ ಏಪ್ರಿಲ್. ಮೂರೂ ಸಾಲು ಒಂದರ ಕೆಳಗೆ ಒಂದು ಇಟ್ಟು ನೋಡಿದ್ರೆ ಗುಂಡಿ ಎಲ್ಲಿದೆ ಅಂತ ಕಣ್ಣಿಗೆ ಹೊಡೆಯುತ್ತೆ. ಮೊದಲ ವರ್ಷ ಗದ್ದೆ ಕೆಲಸ ಇಟ್ಕೊಳ್ಳಲೇಬೇಡಿ ಅನ್ನೋದು ನನ್ನ ಸಲಹೆ. ಲ್ಯಾಬು, ಬೀಜ ಸಂಗ್ರಹ, ಜನ ತಗೊಳ್ಳೋದು, ಪರ್ಮಿಷನ್, ಇಷ್ಟನ್ನೇ ಮೊದಲ ವರ್ಷದ ಕೆಲಸ ಅಂತ ಪ್ರಪೋಸಲಲ್ಲಿ ಬರೀರಿ. ಮೂರು ವರ್ಷದ ಪ್ರಾಜೆಕ್ಟಲ್ಲಿ ನಿಮ್ಗೆ ನಿಜವಾಗಿ ಸಿಗೋದು ಎರಡು ಬೆಳೆ. ಮೂರು ಸೀಸನ್ ಡೇಟಾ ಕೊಡ್ತೀವಿ ಅಂತ ಮಾತು ಕೊಟ್ರೆ ನಾಲ್ಕನೇ ವರ್ಷ ಎಕ್ಸ್‌ಟೆನ್ಷನ್ ಬೇಡ್ಕೊಂಡು ನಿಲ್ತೀರಿ.

ಹೆಜ್ಜೆ 5: ಬಜೆಟ್

ಮೊದಲು ಜನ. ಡಿಎಸ್‌ಟಿಯ ದರದ ಪ್ರಕಾರ 2023ರ ಜನವರಿಯಿಂದ ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋ) ತಿಂಗಳಿಗೆ 37,000, ಎಸ್‌ಆರ್‌ಎಫ್‌ಗೆ (ಹಿರಿಯ ಫೆಲೋ) 42,000, ಅದರ ಮೇಲೆ ಎಚ್‌ಆರ್‌ಎ, ಅಂದ್ರೆ ಮನೆ ಬಾಡಿಗೆ ಭತ್ಯೆ. ಇಲ್ಲೊಂದು ಸಣ್ಣ ತಮಾಷೆ, ಮೈಸೂರು ವೈ ದರ್ಜೆ ಊರು, ಮಂಡ್ಯ ಝಡ್. ಒಂದೇ ಪ್ರಾಜೆಕ್ಟಲ್ಲಿ ಮೈಸೂರಲ್ಲಿ ಕೂರೋ ಹುಡುಗನಿಗೆ ಎಚ್‌ಆರ್‌ಎ ಜಾಸ್ತಿ, ಮಂಡ್ಯದ ಕೆಸರಲ್ಲಿ ನಿಲ್ಲೋ ಹುಡುಗಿಗೆ ಕಮ್ಮಿ. ಮೊದಲೇ ಲೆಕ್ಕ ಹಾಕಿ, ಇಲ್ಲಾಂದ್ರೆ ಆಡಿಟಲ್ಲಿ ರಿಕವರಿ.

ಆಮೇಲೆ ಆಳು. ಪ್ರಪೋಸಲ್ ಫಾರಂಗಳಲ್ಲಿ ಮ್ಯಾನ್‌ಪವರ್ ಅಂದ್ರೆ ಓದಿರೋರು ಅಂತಲೇ ಅರ್ಥ, ಕಳೆ ಕೀಳೋರಿಗೆ ಹೆಡ್ಡೇ ಇರಲ್ಲ. ಚಿಲ್ಲರೆ ಖರ್ಚಿನ ಕಂಟಿಂಜೆನ್ಸಿಗೆ ತುರುಕಿದ್ರೆ ಅದು ಆರು ತಿಂಗಳಲ್ಲಿ ಖಾಲಿ. "ಫೀಲ್ಡ್ ಟ್ರಯಲ್ ಆಪರೇಷನ್ಸ್" ಅಂತ ಬೇರೆ ಸಾಲು ಮಾಡಿ, ಉಳುಮೆ, ಒಟ್ಲು, ನಾಟಿ, ಕಳೆ, ಕುಯ್ಲು, ಒಕ್ಕಣೆ ಅಂತ ಒಂದೊಂದಾಗಿ ಬಿಡಿಸಿ ಎಷ್ಟು ಆಳು ಎಷ್ಟು ದಿನ ಅಂತ ಬರೀರಿ. ಕಮಿಟಿಯಲ್ಲಿ ಕೂರೋರಲ್ಲಿ ಒಬ್ರಾದ್ರೂ ಹೊಲ ಕಂಡೋರು ಇರ್ತಾರೆ, ಒಪ್ಕೋತಾರೆ.

ರೈತರ ಗದ್ದೆಯಲ್ಲಿ ಟ್ರಯಲ್ ಮಾಡೋದಾದ್ರೆ ಬೆಳೆ ನಷ್ಟ ಪರಿಹಾರಕ್ಕೂ ಒಂದು ಸಾಲು ಇಡಿ, ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಮಾಡ್ಕೊಳ್ಳಿ. ಪಾಂಡವಪುರದ ಕಡೆ ಒಬ್ರು ಗೌಡ್ರು ನಮ್ಮೋರಿಗೆ ಹೇಳಿದ್ದು ಇನ್ನೂ ಕಿವೀಲಿದೆ: "ಸಾರ್, ಗೊಬ್ರ ಹಾಕ್ದೆ ಬುಡು ಅಂತೀರಲ್ಲ ಆ ಮೂಲೆ, ಅದರ ಭತ್ತ ನಿಮ್ಮ ದೊರೆ ಕೊಡ್ತಾನಾ?" ಹೋಲಿಕೆಗೆ ಬಿಟ್ಟ ಪ್ಲಾಟ್ ಅವ್ರಿಗೆ ಊಟದ ತಟ್ಟೆ, ನೆನಪಿರ್ಲಿ.

ಓಡಾಟದ ಖರ್ಚಲ್ಲಿ ಸಾಮಾನ್ಯವಾಗಿ ವಿಮಾನದ ಟಿಕೆಟ್ ಕಳಿಸೋ ದೇಶದ್ದು, ಅಲ್ಲಿ ಇಳಿದ ಮೇಲೆ ಊಟ ವಸತಿ ಕರೆಸ್ಕೊಂಡ ದೇಶದ್ದು, ಆದ್ರೆ ಒಂದೊಂದು ಕಾಲ್‌ಗೆ ಒಂದೊಂದು ರೂಲು, ಓದ್ಕೊಳ್ಳಿ. ದೊಡ್ಡ ಇನ್‌ಸ್ಟ್ರುಮೆಂಟ್ ಕೇಳ್ಬೇಡಿ, ಕತ್ತರಿಸ್ತಾರೆ, ಅದರ ಜೊತೆ ಬೇಕಾಗಿದ್ದನ್ನೂ ಕತ್ತರಿಸ್ತಾರೆ. ಜಿಎಸ್‌ಟಿ ವಿಷಯ: 2024ರ ಅಕ್ಟೋಬರ್‌ನಿಂದ ಸರ್ಕಾರಿ ಸಂಸ್ಥೆಗಳಿಗೆ, 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ 35ನೇ ಸೆಕ್ಷನ್ ಕೆಳಗೆ ನೋಟಿಫೈ ಆದ ಯೂನಿವರ್ಸಿಟಿ ಕಾಲೇಜುಗಳಿಗೆ ಬರೋ ಸಂಶೋಧನಾ ಗ್ರಾಂಟ್ ಮೇಲೆ ವಿನಾಯ್ತಿ ಇದೆ, ಆದ್ರೆ ನೀವು ಕೊಳ್ಳೋ ಕೆಮಿಕಲ್ಲು ಗಾಜಿನ ಸಾಮಾನಿಗೆ ಟ್ಯಾಕ್ಸ್ ಬಿದ್ದೇ ಬೀಳುತ್ತೆ, ಅದನ್ನ ಸೇರಿಸೇ ರೇಟ್ ಹಾಕಿ.

ಹೊರಗಿನ ದುಡ್ಡೇ ನೇರ ಬರೋ ಮೂರನೇ ಥರದ ಪ್ರಾಜೆಕ್ಟ್ ಆದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನ್ನೋ ದೊಡ್ಡ ಬಾಗಿಲು. ಕಾಯ್ದೆಯಿಂದ ಹುಟ್ಟಿದ, ಪೂರ್ತಿ ಸರ್ಕಾರದ್ದೇ ಆದ, ಸಿಎಜಿ ಆಡಿಟ್ ಕಡ್ಡಾಯ ಇರೋ ಸಂಸ್ಥೆಗಳಿಗೆ ಅದ್ರಿಂದ ವಿನಾಯ್ತಿ ಇದೆ. ನಿಮ್ಮ ಸಂಸ್ಥೆ ಅದ್ರೊಳಗೆ ಬರುತ್ತಾ ಅಂತ ಕಂಟ್ರೋಲರ್ ಆಫೀಸಿಂದ ಬರವಣಿಗೆಯಲ್ಲಿ ತಗೊಳ್ಳಿ, ಬಾಯಿಮಾತು ಬೇಡ. ಟ್ರಸ್ಟು, ಎನ್‌ಜಿಒ ಪಾರ್ಟ್ನರ್ ಆದ್ರೆ ನೋಂದಣಿನೋ ಮುಂಚಿನ ಅನುಮತಿನೋ ಇರ್ಲೇಬೇಕು, ದುಡ್ಡು ಮೊದಲು ಇಳಿಯೋದು ಡೆಲ್ಲಿಯ ಎಸ್‌ಬಿಐ ಮೇನ್ ಬ್ರಾಂಚ್ ಅಕೌಂಟ್‌ಗೇ, ಆಡಳಿತ ಖರ್ಚು 20 ಪರ್ಸೆಂಟ್ ಮೀರಂಗಿಲ್ಲ, ಮತ್ತೆ 2020ರ ತಿದ್ದುಪಡಿ ಆದ ಮೇಲೆ ಅವ್ರು ಪಡೆದಿದ್ದನ್ನ ಇನ್ನೊಬ್ರಿಗೆ ದಾಟ್ಸೋ ಹಂಗಿಲ್ಲ. "ಆ ಟ್ರಸ್ಟ್‌ಗೆ ಹಾಕಿಸ್ಕೊಂಡು ಆಮೇಲೆ ನಮ್ಗೆ ಕೊಡಿಸ್ಕೊಳೋಣ" ಅಂತ ಯಾರಾದ್ರೂ ಐಡಿಯಾ ಕೊಟ್ರೆ ಕೈಮುಗಿದು ಎದ್ದುಬನ್ನಿ.

ಹೆಜ್ಜೆ 6: ಬೀಜ, ಮಣ್ಣು, ಡ್ರೋನು, ಮನುಷ್ಯ

ದುಡ್ಡಿನ ಬಗ್ಗೆ ಹೇಳ್ತಾ ಇದ್ಯಾಕೆ ಅಂತೀರಾ? ಪರ್ಮಿಷನ್ ಸಿಗದೆ ದುಡ್ಡು ವಾಪಸ್ ಹೋದ ಪ್ರಾಜೆಕ್ಟ್‌ಗಳನ್ನ ನೋಡಿದೀನಿ, ಅದಕ್ಕೆ.

ನಮ್ಮ ರಾಗಿ ತಳಿ ಹೊರಗೆ ಹೋಗ್ಬೇಕಾದ್ರೂ, ವಿದೇಶದೋರು ಇಲ್ಲಿ ಬಂದು ಸ್ಯಾಂಪಲ್ ತೆಗೀಬೇಕಾದ್ರೂ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ನಿಲ್ಲುತ್ತೆ, ಅನುಮತಿ ಕೊಡೋರು ಚೆನ್ನೈಲಿರೋ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ. ಆದ್ರೆ ಅದೇ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ಒಂದು ಒಳದಾರಿ ಇದೆ: ಸರ್ಕಾರಿ ಸಂಸ್ಥೆಗಳ ನಡುವಿನ ಸಹಯೋಗದ ಸಂಶೋಧನೆ, ಕೇಂದ್ರದ ಗೈಡ್‌ಲೈನ್ಸ್ ಪ್ರಕಾರ ಇದ್ದು ಕೇಂದ್ರ ಸರ್ಕಾರದಿಂದ ಅಪ್ರೂವ್ ಆಗಿದ್ರೆ, ಆ ಅನುಮತಿಯಿಂದ ವಿನಾಯ್ತಿ. ಅಂದ್ರೆ ನಿಮ್ಮ ಜಂಟಿ ಕಾಲ್ ಸರ್ಕಾರದ ಕಾಲ್ ಆಗಿದ್ರೆ, ಪ್ರಪೋಸಲಲ್ಲೇ ಯಾವ ಬೀಜ, ಎಷ್ಟು ಗ್ರಾಂ, ಯಾವ ಕಡೆಗೆ ಅಂತ ಬರೆದುಬಿಟ್ರೆ ಅಪ್ರೂವಲ್ ಜೊತೆನೇ ಈ ದಾರಿನೂ ತೆರೆಯುತ್ತೆ. ಬರೀದೆ ಬಿಟ್ಟು ಆಮೇಲೆ ಕೇಳಿದ್ರೆ ಮೊದಲಿಂದ ಶುರು. ಅಪ್ಪಿತಪ್ಪಿ ಪೇಟೆಂಟ್ ತನಕ ಹೋದ್ರೆ ಮಾತ್ರ ಪ್ರಾಧಿಕಾರದ ಬಾಗಿಲು ತಟ್ಟದೆ ಆಗಲ್ಲ.

ಬೀಜ ಒಳಗೆ ಬರೋದು ಹೊರಗೆ ಹೋಗೋದು ಎರಡೂ ಡೆಲ್ಲಿಯ ಸಸ್ಯ ತಳಿ ಸಂಪತ್ತಿನ ಸಂಸ್ಥೆ ಎನ್‌ಬಿಪಿಜಿಆರ್ ಮೂಲಕ. ಬರೋದಕ್ಕೆ ಇಂಪೋರ್ಟ್ ಪರ್ಮಿಟ್ ಮೊದಲು, ರೋಗ ಕೀಟ ಇಲ್ಲ ಅಂತ ಆ ದೇಶ ಕೊಡೋ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಜೊತೆಗೆ, ಇಲ್ಲಿಗೆ ಬಂದ ಮೇಲೆ ಕ್ವಾರಂಟೈನ್ ಪರೀಕ್ಷೆ, ಆಮೇಲೆ ಇಸಿ ಅಂತ ಶುರುವಾಗೋ ಒಂದು ನಂಬರ್ ಬಿದ್ದು ನಿಮ್ಮ ಕೈಗೆ. ಒಂದು ಸಲ ಒಬ್ರು ವಿದೇಶಿ ಪ್ರೊಫೆಸರ್ ಪ್ರೀತಿಯಿಂದ ಜೇಬಲ್ಲಿ ನಾಲ್ಕು ಕವರ್ ರಾಗಿ ತಂದಿದ್ರು, "ಗಿಫ್ಟ್" ಅಂತ ಟೇಬಲ್ ಮೇಲಿಟ್ರು. ಕಂದು ಕವರು, ಪೆನ್ಸಿಲಲ್ಲಿ ನಂಬರು, ಒಳಗೆ ನಮ್ಮ ರಾಗಿಗಿಂತ ಒಂಚೂರು ದಪ್ಪ ಕಾಳು. ಎಲ್ರೂ ಮುಟ್ಟಿ ನೋಡಿದ್ರು, ಬಿತ್ತೋಕೆ ಯಾರಿಗೂ ಧೈರ್ಯ ಬರ್ಲಿಲ್ಲ, ಕೊನೆಗೆ ಆಟೋಕ್ಲೇವ್‌ಗೆ ಹಾಕಿ ಬಿಸಿ ಆವಿಯಲ್ಲಿ ಬೇಯಿಸಿ ಬರೆದಿಟ್ರು. ಸರಿಯಾಗಿ ಮಾಡಿದ್ರು ಅಂತಲೇ ನಾನು ಹೇಳೋದು.

ಬೆಳೆ ಪ್ರಕಾರನೂ ವ್ಯತ್ಯಾಸ ಇದೆ. ಬೆಳೆ ತಳಿ ಸಂಪತ್ತಿನ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಭತ್ತ ಇದೆ, ರಾಗಿ ಇದೆ, ಅವಕ್ಕೆ ಎಸ್‌ಎಂಟಿಎ ಅನ್ನೋ ರೆಡಿಮೇಡ್ ಕರಾರು ಪತ್ರ ಸಿಗುತ್ತೆ. ಕಬ್ಬು ಆ ಪಟ್ಟಿಯಲ್ಲಿಲ್ಲ. ಮಂಡ್ಯದೋರಿಗೆ ಇದು ಮುಖ್ಯ, ಕಬ್ಬಿನ ತಳಿ ವಿನಿಮಯ ಅಂತ ಹೊರಟ್ರೆ ಕರಾರು ಪೂರ್ತಿ ನೀವೇ ಕೂತು ಬರೆಸ್ಬೇಕು, ಅದಕ್ಕೆ ಆರು ತಿಂಗಳು ಪಕ್ಕಕ್ಕಿಡಿ.

ಮಣ್ಣಿನ ಸ್ಯಾಂಪಲ್‌ಗೂ ತಗೊಳ್ಳೋ ದೇಶದ ಪರ್ಮಿಟ್ ಬೇಕು. ಅದಕ್ಕಿಂತ ಇಲ್ಲೇ ಟೆಸ್ಟ್ ಮಾಡ್ಸಿ ರಿಸಲ್ಟ್ ಕಳಿಸೋದು ಜಾಣತನ. ಡ್ರೋನ್ ಸೂಟ್‌ಕೇಸಲ್ಲಿ ತರ್ತೀನಿ ಅಂದ್ರೆ ಬೇಡ ಅನ್ನಿ, 2022ರ ಫೆಬ್ರವರಿಯಿಂದ ಡ್ರೋನ್ ಆಮದು ನಿಷೇಧ, ಸಂಶೋಧನೆಗೆ ವಿನಾಯ್ತಿ ಇದೆ ಆದ್ರೆ ಮೊದಲೇ ಅನುಮತಿ ಬೇಕು. ಬರೋ ವಿದೇಶಿ ಹುಡುಗ ಹುಡುಗಿಯರಿಗೆ ರೀಸರ್ಚ್ ವೀಸಾ ಮಾಡ್ಸಿ, ಟೂರಿಸ್ಟ್ ವೀಸಾದಲ್ಲಿ ಬಂದು ಗದ್ದೆಗಿಳಿದ್ರೆ ತೊಂದ್ರೆ ನಿಮ್ಗೆ. ನೀವು ಸರ್ಕಾರಿ ನೌಕರರಾಗಿ ಆ ಕಡೆಯೋರ ಖರ್ಚಲ್ಲಿ ಹೋಗೋದಾದ್ರೆ ಎಫ್‌ಸಿ-2 ಅರ್ಜಿ ಗೃಹ ಸಚಿವಾಲಯಕ್ಕೆ ಮೊದಲೇ ಹಾಕ್ಬೇಕು, ಟಿಕೆಟ್ ಬುಕ್ ಆದ ಮೇಲೆ ಅಲ್ಲ.

ಹೆಜ್ಜೆ 7: ಒಂದೇ ಪ್ರಪೋಸಲ್, ಎರಡು ಬಾಗಿಲು

ಬರೀ ನೀವು ಇಲ್ಲಿ ಹಾಕಿದ್ರೆ ಸಾಲ್ದು, ಅವ್ರೂ ಅಲ್ಲಿ ಹಾಕ್ಬೇಕು, ಒಂದು ಕಡೆ ಬಂದು ಇನ್ನೊಂದು ಕಡೆ ಬರದಿದ್ರೆ ಎರಡೂ ಕಸದ ಬುಟ್ಟಿಗೆ. ಟೈಟಲ್ ಅಕ್ಷರ ಅಕ್ಷರ ಒಂದೇ ಇರ್ಲಿ. ನಮ್ಮದ್ರಲ್ಲಿ ರಾಗಿ, ಅವ್ರದ್ರಲ್ಲಿ ಫಿಂಗರ್ ಮಿಲೆಟ್ ಅಂತ ಇಟ್ಟು ಪತ್ರ ಬರೆಸ್ಕೊಂಡೋರು ಇದಾರೆ.

ಟೈಮ್ ನೋಡ್ಕೊಳ್ಳಿ. ಗಡುವು ಆಸ್ಟ್ರೇಲಿಯಾ ರಾಜಧಾನಿ ಕ್ಯಾನ್‌ಬೆರಾ ಸಂಜೆ 5 ಅಂದ್ರೆ ನಮ್ಗೆ ಮಧ್ಯಾಹ್ನ 12:30, ಅದೂ ಏಪ್ರಿಲ್‌ನಿಂದ ಅಕ್ಟೋಬರ್ ತನಕ, ಮಿಕ್ಕ ತಿಂಗಳು ಅವ್ರು ಗಡಿಯಾರ ಮುಂದಕ್ಕೆ ತಿರುಗಿಸ್ತಾರೆ, ಆಗ 11:30. "ಇವತ್ತು ಸಂಜೆ ತನಕ ಇದೆ ಬುಡಿ" ಅಂತ ಬನ್ನೂರಿಗೆ ಮದುವೆ ಊಟಕ್ಕೆ ಹೋಗಿ ಬರೋಷ್ಟರಲ್ಲಿ ಪೋರ್ಟಲ್ ಮುಚ್ಚಿತ್ತು, ಯಾರು ಏನು ಅಂತ ಕೇಳ್ಬೇಡಿ, ಆ ಮದುವೆಯಲ್ಲಿ ಮುದ್ದೆ ಚೆನ್ನಾಗಿತ್ತು.

ಸಂಸ್ಥೆ ಮುಖ್ಯಸ್ಥರ ಎಂಡಾರ್ಸ್‌ಮೆಂಟ್ ಸರ್ಟಿಫಿಕೇಟ್ ಹದಿನೈದು ದಿನ ಮೊದಲೇ ಮೇಲಕ್ಕೆ ಕಳಿಸಿ. ಮಂಡ್ಯದಲ್ಲಿ ಕೂತೋರಿಗೆ ಸೈನ್ ಬೆಂಗಳೂರಲ್ಲಿ ಆಗ್ಬೇಕಾಗಿದ್ರೆ, ಎಕ್ಸ್‌ಪ್ರೆಸ್‌ವೇ ಆಗಿದೆ ನಿಜ, ಫೈಲ್ ಮಾತ್ರ ಹಳೇ ರೋಡಲ್ಲೇ ಹೋಗೋದು. ಐಪಿ (ಬೌದ್ಧಿಕ ಸ್ವತ್ತಿನ ಹಕ್ಕು) ಯಾರಿಗೆ, ಡೇಟಾ ಯಾರತ್ರ, ಪೇಪರಲ್ಲಿ ಯಾರ ಹೆಸರು ಮೊದಲು, ಇವನ್ನ ಸ್ನೇಹ ಚೆನ್ನಾಗಿರೋವಾಗ್ಲೇ ಎರಡು ಪುಟದಲ್ಲಿ ಬರೆದು ಸೈನ್ ಮಾಡ್ಕೊಳ್ಳಿ.

ಹೆಜ್ಜೆ 8: ಸ್ಯಾಂಕ್ಷನ್ ಆಯ್ತು, ಈಗ ನನ್ನಂಥೋರ ಕೆಲಸ

ಸ್ವೀಟ್ ಹಂಚಿ, ಆಮೇಲೆ ಸ್ಯಾಂಕ್ಷನ್ ಆರ್ಡರ್‌ನ ಪೂರ್ತಿ ಓದಿ. ಹೆಡ್ ವೈಸ್ ಎಷ್ಟು, ಒಂದು ಹೆಡ್ಡಿಂದ ಇನ್ನೊಂದಕ್ಕೆ ಹಾಕ್ಬೋದಾ, ಯಾವ ಅಕೌಂಟ್. ಈಗೆಲ್ಲ ಪಿಎಫ್‌ಎಂಎಸ್ ಅನ್ನೋ ಸರ್ಕಾರದ ಹಣ ಪಾವತಿ ವ್ಯವಸ್ಥೆ ಮೇಲೆ ನಡೆಯುತ್ತೆ, ಪ್ರಾಜೆಕ್ಟ್‌ಗೆ ಮ್ಯಾಪ್ ಆಗೋಕೇ ಒಂದು ತಿಂಗಳು. ಖರೀದಿ ಜೆಮ್ ಅನ್ನೋ ಸರ್ಕಾರಿ ಪೋರ್ಟಲಲ್ಲೋ ಹೊರಗೋ ಅಂತ ಆಫೀಸಲ್ಲಿ ಕೇಳ್ಕೊಳ್ಳಿ. ಬಡ್ಡಿ ಬಂದ್ರೆ ಅದು ನಿಮ್ದಲ್ಲ, ಭಾರತಕೋಶ್ ಪೋರ್ಟಲ್ ಮೂಲಕ ಸರ್ಕಾರಕ್ಕೆ ವಾಪಸ್.

ಎರಡನೇ ಕಂತು ಬೇಕಂದ್ರೆ ಯುಟಿಲೈಸೇಷನ್ ಸರ್ಟಿಫಿಕೇಟ್, ಜಿಎಫ್‌ಆರ್ 12-ಎ ಫಾರಂ, ಜೊತೆಗೆ ಖರ್ಚಿನ ಸ್ಟೇಟ್‌ಮೆಂಟ್, ಪ್ರೋಗ್ರೆಸ್ ರಿಪೋರ್ಟ್. ಏಪ್ರಿಲ್ ಮೊದಲ ವಾರದಲ್ಲಿ ಕಳಿಸಿದ್ರೆ ಮುಂಗಾರಿಗೆ ದುಡ್ಡು ಬರೋ ಚಾನ್ಸ್ ಇದೆ. ಎಲ್ರೂ ಜೂನ್‌ನಲ್ಲಿ ಕಳಿಸ್ತಾರೆ, ಡೆಲ್ಲಿಯಲ್ಲಿ ರಾಶಿ ಬೀಳುತ್ತೆ. ನಾನು ಮಾರ್ಚ್ 20ಕ್ಕೇ ಡ್ರಾಫ್ಟ್ ರೆಡಿ ಮಾಡಿ, 31ರ ಅಂಕಿ ಮಾತ್ರ ಖಾಲಿ ಬಿಟ್ಟಿರ್ತಿದ್ದೆ. ಪಾರ್ಟ್ನರ್ ಕಡೆ ಏನಾಗ್ತಿದೆ ಅಂತ ಎರಡು ತಿಂಗಳಿಗೊಂದು ಮೀಟಿಂಗ್ ಇರ್ಲಿ. ಅವ್ರ ಹುಂಡಿ ಜೂನಲ್ಲಿ ಮುಚ್ಚೋದಾದ್ರೆ, ಅವ್ರ ಹುಡುಗರನ್ನ ನಮ್ಮ ಕುಯ್ಲಿಗೆ ಕರೆಸ್ಕೊಳ್ಳೋ ಟಿಕೆಟ್ ಅವ್ರು ಮೇ ತಿಂಗಳಲ್ಲೇ ಬುಕ್ ಮಾಡ್ಲಿ. ಕೆಲಸ ಉಳಿದು ದುಡ್ಡೂ ಉಳಿದಿದ್ರೆ, ಮುಗಿಯೋಕೆ ಮೂರು ತಿಂಗಳಿದೆ ಅನ್ನೋವಾಗ್ಲೇ ಹೆಚ್ಚಿಗೆ ಹಣ ಬೇಡದ ಎಕ್ಸ್‌ಟೆನ್ಷನ್ ಕೇಳಿ, ಇಬ್ರೂ ಒಟ್ಟಿಗೆ, ಒಂದೇ ತಾರೀಕು ಹಾಕಿ.

ಆ ಹುಡುಗಿ ಟೀ ಲೋಟ ಇಟ್ಟು "ಇಷ್ಟೆಲ್ಲಾನಾ ಅಣ್ಣ" ಅಂದ್ಳು. ಹೂಂ ಅಂದೆ. ನಿನ್ನೆ ಫೋನ್ ಮಾಡಿದ್ಳು, ಹಾಳೆ ಮೇಲೆ ಮೂರು ಸಾಲು ಗೀಚಿದ್ಳಂತೆ, ನಾಲೆ ನೀರಿನ ಸಾಲಲ್ಲಿ ಪೆನ್ನು ನಿಂತೋಯ್ತಂತೆ. "ಈ ವರ್ಷ ನೀರು ಯಾವಾಗ ಬಿಡ್ತಾರಣ್ಣ?" ಅಂದ್ಳು. ಆ ಕಾಲಂ ಪೆನ್ಸಿಲಲ್ಲಿ ಬರಿ ಅಂದೆ.